ಅಂಚು ಸವೆದ ಕುಡಿಕೆ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಎವೊರ ಅರಮನೆ

ದೋನಾ ಮೆನ್ಸಿಯಾ ಇಂದು ನನ್ನನ್ನು ಕರೆಸಿ ಎರಡು ವಸ್ತು ಕೊಟ್ಟರು. ಒಂದು ಈ ಪುಸ್ತಕ, ಇನ್ನೊಂದು ಮಣ್ಣಿನ ಕುಡಿಕೆಗಳ ಬೀರುವಿನ ಬೀಗದ ಕೈ.

"ಗಿಯೋಮಾರ್, ಇನ್ನು ಮೇಲೆ ದಿನಾ ಬರೀಬೇಕು. ಅಮ್ಮಣ್ಣಿ ಏನು ತಿಂದ್ರು, ಹೇಗೆ ಮಲಗಿದ್ರು, ಒಳಬಟ್ಟೆ ಮೇಲೆ ಏನಾದ್ರೂ ಕಾಣಿಸ್ತಾ. ಶನಿವಾರ ಶನಿವಾರ ನನಗೆ ಓದಿ ಹೇಳು."

"ಕಾಣಿಸಿದ್ರೆ?"

"ಕಾಣಿಸಿದ ದಿನವೇ ಕಾಸ್ತೀಲಿಗೆ ಕುದುರೆ ಓಡುತ್ತೆ. ಅಲ್ಲಿಂದ ನಲವತ್ತು ದಿನ ಅಷ್ಟೇ, ಆಮೇಲೆ ಮದುವೆಗೆ ಕಳಿಸ್ಬೇಕು. ಒಪ್ಪಂದದಲ್ಲಿ ಹಾಗೇ ಇದೆ."

ದೋನಾ ಮೆನ್ಸಿಯಾ ರಾಣಿವಾಸದ ಹಿರಿಯರು. ಕಣ್ಣು ಮಂಜಾಗಿ ಐದು ವರ್ಷವಾಯಿತು, ಓದಲಾರರು. ಹಾಗಾಗಿ ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನ ಹಾಳೆಯಿಂದ ಇದನ್ನು ಬರೆಯುತ್ತಿದ್ದೇನೆ. ಮುಂದಿನದು ಅವರಿಗೆ, ಹಿಂದಿನದು ನನಗೆ.

ರಾಜಕುಮಾರಿ ವಿಯೊಲಾಂತೆಗೆ ಹನ್ನೆರಡೂವರೆ ವರ್ಷ. ಅವರ ಅಕ್ಕ ದೋನಾ ಬ್ರೀತೆಸ್ ಈ ವರ್ಷದ ತಪಸ್ಸುಕಾಲದಲ್ಲಿ, ಕಾಸ್ತೀಲಿನಲ್ಲಿ, ಹೆರಿಗೆಯಲ್ಲಿ ತೀರಿಕೊಂಡರು. ಹದಿನಾರು ವರ್ಷ. ಅವರ ಗಂಡ, ಕಾಸ್ತೀಲಿನ ಅರಸರು, ಸಾವಿನ ಕಪ್ಪು ಬಟ್ಟೆ ತೆಗೆಯುವ ಮೊದಲೇ ತಂಗಿಯನ್ನು ಕೇಳಿ ಕಳಿಸಿದರು.

ಕೆಂಪು ಮಣ್ಣು ತಿಂದರೆ ಮುಖ ಬಿಳಿಚುತ್ತದೆ, ಮುಟ್ಟು ನಿಲ್ಲುತ್ತದೆ. ಎರಡೂ ಇಲ್ಲಿ ಎಲ್ಲರಿಗೂ ಗೊತ್ತು. ಎರಡು ವರ್ಷದ ಹಿಂದೆ ಚಿತ್ರಗಾರ ಬಂದಾಗ ಬಿಳುಪು ಬೇಕಿತ್ತು. ಎಸ್ತ್ರೆಮೋಝ್ ಊರಿನ ಕೆಂಪು ಮಣ್ಣಿನ ಕುಡಿಕೆಯ ಚೂರು ಮುರಿದು, ಮೇಲೆ ಕ್ವಿನ್ಸ್ ಹಣ್ಣಿನ ಹಲ್ವ ಸವರಿ, ನಾನೇ ರಾಜಕುಮಾರಿಯ ಬಾಯಿಗಿಟ್ಟೆ. ಈಗ ಮುಟ್ಟು ಬೇಕು, ಅದಕ್ಕೇ ಬೀಗ.

ನಾನು ಪತ್ರ ಬರೆಯುವವನೊಬ್ಬನ ವಿಧವೆ. ಮಕ್ಕಳಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುತ್ತೇನೆ ಎಂದೇ ನನಗೆ ಈ ಕೆಲಸ.

ಸೆಪ್ಟೆಂಬರ್ 17

ಊಟದ ಹೊತ್ತಿಗೆ ರಾಜಕುಮಾರಿ ಬೆಳ್ಳಿ ಲೋಟವನ್ನು ದೂರ ಸರಿಸಿದರು.

"ಗಿಯೋಮಾರ್, ಇದರಲ್ಲಿ ನೀರಿಗೆ ರುಚಿನೇ ಇಲ್ಲ."

"ನೀರಿಗೆ ರುಚಿ ಇರಬಾರ್ದು ಅಮ್ಮಣ್ಣಿ."

"ಯಾರು ಹೇಳಿದ್ದು?"

"ವೈದ್ಯರು."

"ಅವರು ಯಾವತ್ತಾದ್ರೂ ನೀರು ಕುಡಿದಿದ್ದಾರಾ? ಆ ಕೆಂಪು ಮೂಗು ನೋಡಿದ್ರೆ ಹಾಗನ್ನಿಸಲ್ಲ."

ಜೋರಾಗಿ ನಕ್ಕರು. ಹಲ್ಲು ಕಾಣುವಂತೆ ನಗಬಾರದು ಎಂದು ತಿದ್ದಿದೆ. ಹಲ್ಲಿನ ಸಂದಿಯಲ್ಲಿ ಕೆಂಪಾಗಿತ್ತು. ಬೀರು ಬೀಗ ಹಾಕಿಯೇ ಇದೆ. ಒಸಡಿನ ರಕ್ತವಿರಬೇಕು.

ಅಕ್ಟೋಬರ್ 2

ದೋನಾ ಬ್ರೀತೆಸರ ಪೆಟ್ಟಿಗೆಗಳು ಹೇಸರಗತ್ತೆಗಳ ಮೇಲೆ ವಾಪಸು ಬಂದವು. ಅವರ ಜೊತೆ ಹೋಗಿದ್ದ ಇಬ್ಬರು ಹೆಂಗಸರು ಬರಲಿಲ್ಲ. ಒಬ್ಬಳು ಜ್ವರದಲ್ಲಿ ಹೋದಳಂತೆ. ಇನ್ನೊಬ್ಬಳನ್ನು, ರಾಣಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು, ತೊಲೇದೊದ ಒಂದು ಕನ್ಯಾಮಠಕ್ಕೆ ಸೇರಿಸಿದ್ದಾರೆ. ಹೊರಗೆ ಬಿಡುವುದಿಲ್ಲ.

ಬಟ್ಟೆಗಳನ್ನು ಬಿಚ್ಚಿ ಕೊಡವಿದೆ. ಮೂರು ಬಸಿರುಗಳಿಗೆ ಮೂರು ಸಲ ಸೊಂಟ ಬಿಚ್ಚಿ ಮತ್ತೆ ಹೊಲಿದ ಗುರುತು ಒಂದೇ ಲಂಗದಲ್ಲಿತ್ತು. ತಳದಲ್ಲಿ, ಒಂದು ಕಾಲುಚೀಲದೊಳಗೆ, ನಮ್ಮ ಎಸ್ತ್ರೆಮೋಝಿನ ಕುಡಿಕೆ. ಅಂಚನ್ನು ಸುತ್ತಲೂ ಕಚ್ಚಿ ಕಚ್ಚಿ ಅರ್ಧಕ್ಕೆ ಇಳಿಸಿದ್ದಾರೆ. ಅಷ್ಟು ದೊಡ್ಡ ರಾಣಿ, ಇಲಿಯ ಹಾಗೆ.

ರಾಜಕುಮಾರಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಕಚ್ಚಲಿಲ್ಲ. ಮೂಸಿ ನೋಡಿ ದಿಂಬಿನ ಕೆಳಗಿಟ್ಟರು. ಇದನ್ನೂ ಬೀರುವಿಗೆ ಸೇರಿಸಬೇಕು. ನಾಳೆ ತೆಗೆದುಕೊಳ್ಳುತ್ತೇನೆ.

ಅಕ್ಟೋಬರ್ 19

ದೋನಾ ಮೆನ್ಸಿಯಾ ಎಲ್ಲರೆದುರು ಹೊಗಳಿದರು: "ಅಮ್ಮಣ್ಣಿ ದಿನಾ ಒಂದು ಗಂಟೆ ತಲೆ ಎತ್ತದೆ ಪ್ರಾರ್ಥನೆ ಮಾಡ್ತಾರೆ. ಎಂಥಾ ಭಕ್ತಿ! ನಿಮಗೆಲ್ಲ ನಾಚಿಕೆ ಆಗ್ಬೇಕು."

ನನಗೆ ಅನುಮಾನ ಬಂತು. ಪ್ರಾರ್ಥನಾ ಮಣೆಯನ್ನು ಸರಿಸಿ ನೋಡಿದೆ. ನೆಲದ ಇಟ್ಟಿಗೆಯಲ್ಲಿ ಅಂಗೈಯಷ್ಟು ಗುಂಡಿ. ಪಕ್ಕದಲ್ಲಿ ತಲೆಗೂದಲಿನ ಚಿನ್ನದ ಕಡ್ಡಿ, ತುದಿ ಸವೆದದ್ದು.

"ಅಮ್ಮಣ್ಣಿ, ನೆಲ ತಿಂತಿದ್ದೀರಾ?"

"ನೀನು ಬೀಗ ಹಾಕಿದ್ರೆ ಇನ್ನೇನು ತಿನ್ನಲಿ?"

"ಕಾಯಿಲೆ ಬರುತ್ತೆ."

"ಬರ್ಲಿ. ಇನ್ನೊಂದು ಬರದೆ ಇದ್ರೆ ಸಾಕು." ಆಮೇಲೆ ಬೆರಳು ಮಡಿಸುತ್ತ ಹೇಳಿದರು: "ಅಕ್ಕ ಹನ್ನೆರಡು ವರ್ಷ ಎಂಟು ತಿಂಗಳಿಗೆ ದೊಡ್ಡವಳಾದ್ಲು. ನಲವತ್ತೊಂದನೇ ದಿನ ಗಡಿಯ ನದಿ ದಾಟಿದ್ಲು. ಮಣ್ಣು ತಿಂದ್ರೆ ಅದು ಬರಲ್ಲ ಅಂತ ನೀನೇ ಅಡುಗೆಯವಳ ಹತ್ರ ಹೇಳ್ತಿದ್ದೆ. ನಾನು ಬಾಗಿಲ ಹಿಂದೆ ಇದ್ದೆ."

ಇದನ್ನು ಇಂದೇ ದೋನಾ ಮೆನ್ಸಿಯಾಗೆ ತಿಳಿಸಬೇಕಿತ್ತು. ಅವರಿಗೆ ಹಲ್ಲುನೋವು. ಗುಂಡಿಯ ಮೇಲೆ ದಪ್ಪ ಜಮಖಾನೆ ಹಾಸಿ, ಮಣೆಯನ್ನು ಕಿಟಕಿಯ ಹತ್ತಿರ ಹಾಕಿಸಿದೆ. ಪ್ರಾರ್ಥನೆಯ ಹೊತ್ತು ಪಕ್ಕದಲ್ಲೇ ಕೂರುತ್ತೇನೆ. ಹೇಳುವ ಅಗತ್ಯ ಕಾಣುವುದಿಲ್ಲ.

ನವೆಂಬರ್ 11, ಸಂತ ಮಾರ್ಟಿನರ ಹಬ್ಬ

ಅಗಸಗಿತ್ತಿ ಗ್ರಾಸಿಯಾ ಸುಟ್ಟ ಚೆಸ್ಟ್‌ನಟ್ ತಂದಳು. ಅವಳನ್ನು ಗಿನಿಯಿಂದ ಹಡಗಿನಲ್ಲಿ ಗುಲಾಮಳಾಗಿ ತಂದದ್ದು, ಅರಮನೆಯ ಸ್ವತ್ತು. ಬಾಯಿ ಮಾತ್ರ ಅವಳದೇ.

"ಏನ್ ಗಿಯೋಮಾರಮ್ಮ, ಇನ್ನೂ ಏನೂ ಇಲ್ವಾ? ದೋನಾ ಮೆನ್ಸಿಯಾ ನನ್ನ ತೊಟ್ಟಿ ಪಕ್ಕ ಕುರ್ಚಿ ಹಾಕ್ಕೊಂಡು ಕೂರೋದೊಂದು ಬಾಕಿ."

"ಇಲ್ಲ. ಬಂದಾಗ ಬರುತ್ತೆ."

"ಬಂದ್ರೆ ನೀರು ದಾಟಿಸ್ತಾರೆ ಪಾಪ. ನನ್ನನ್ನೂ ಆ ವಯಸ್ಸಿಗೇ ದಾಟಿಸಿದ್ರು. ನನಗೇನು ಒಪ್ಪಂದ ಗಿಪ್ಪಂದ ಇರ್ಲಿಲ್ಲ, ಬಂದಿದೆಯೋ ಇಲ್ವೋ ಅಂತ ಯಾರೂ ಬಗ್ಗಿ ನೋಡ್ಲೂ ಇಲ್ಲ."

ನಕ್ಕಳು. ರಾಜಮನೆತನದವರ ವಿಷಯಕ್ಕೆ ತನ್ನ ಮಾತು ಸೇರಿಸಬಾರದೆಂದು ಹೇಳಬೇಕೆಂದಿದ್ದೆ. ಚೆಸ್ಟ್‌ನಟ್ ಬಿಸಿಯಾಗಿತ್ತು. ಹೇಳಲಿಲ್ಲ.

ಡಿಸೆಂಬರ್ 3

ಬಂತು.

ಬೆಳಿಗ್ಗೆ ಹಾಸಿಗೆ ತೆಗೆಯಲು ಹೋದಾಗ ಹುಡುಗಿ ಚಾದರದ ಮೇಲೆ ಕೂತಿದ್ದಳು, ಏಳಲಿಲ್ಲ. ಅಳಲೂ ಇಲ್ಲ.

"ಆರು ವಾರ ನೀನು ನನ್ನ ಪಕ್ಕದಿಂದ ಎದ್ದೇ ಇಲ್ಲ," ಎಂದಳು. "ನಿನ್ನಿಂದಲೇ ಬಂತು."

ಅದು ನಿಜ.

"ಗಿಯೋಮಾರ್, ಇವತ್ತೊಂದು ದಿನ ಬರೀಬೇಡ. ನಾಳೆ ಬರಿ."

ಚಾದರವನ್ನು ಮಡಿಸಿ ಲಂಗದೊಳಗೆ ಇಟ್ಟುಕೊಂಡು ಅಗಸರ ಕೋಣೆಗೆ ಇಳಿದೆ. ಗ್ರಾಸಿಯಾ ನೋಡಿದಳು. ತಣ್ಣೀರಿನಲ್ಲಿ ಅದ್ದಿ ಉಪ್ಪು ಹಾಕಿ ಉಜ್ಜತೊಡಗಿದಳು.

ಪುಸ್ತಕದ ಮುಂಭಾಗದಲ್ಲಿ ಬರೆದೆ: ಕೋಳಿ ಸಾರು, ಎರಡು ಚಮಚೆ ಅನ್ನ. ಚೆನ್ನಾಗಿ ನಿದ್ದೆ. ಬೇರೇನೂ ಇಲ್ಲ. ನಾಳೆ ಸರಿಪಡಿಸುತ್ತೇನೆ.

ಡಿಸೆಂಬರ್ 8

ಶನಿವಾರದ ಓದು ಮುಗಿಯಿತು. "ಬೇರೇನೂ ಇಲ್ಲ" ಎಂಬಲ್ಲಿ ದನಿ ನಡುಗಲಿಲ್ಲ. ನಡುಗಬಹುದೆಂದು ಕಾಯುತ್ತಿದ್ದೆ.

ಜನವರಿ 9

ಕಾಸ್ತೀಲಿನವರಿಗೆ ತಾಳ್ಮೆ ಮುಗಿದಿದೆ. ಸೂಲಗಿತ್ತಿಯೊಬ್ಬಳನ್ನು ಕಳಿಸಿದ್ದಾರೆ. ದಪ್ಪ ಹೆಂಗಸು, ಕಣ್ಣು ಸೂಜಿಯಂಥದು. ಇಂದಿನಿಂದ ಚಾದರ, ಒಳಬಟ್ಟೆ ಎಲ್ಲ ಮೊದಲು ಅವಳ ಕೈಗೆ ಹೋಗಬೇಕು, ಆಮೇಲೆ ಗ್ರಾಸಿಯಾಳ ತೊಟ್ಟಿಗೆ. ಹುಡುಗಿಯ ಪಕ್ಕದ ಕೋಣೆಯಲ್ಲೇ ಅವಳ ಹಾಸಿಗೆ.

ಡಿಸೆಂಬರ್ ಕೊನೆಗೆ ಎರಡನೆಯ ಸಲ ಬಂದಿತ್ತು. ಅದನ್ನೂ ಬರೆದಿರಲಿಲ್ಲ. ಇನ್ನು ಬಚ್ಚಿಡಲಾಗದು. ಬರದಂತೆ ಮಾಡಬಹುದು, ಅಷ್ಟೆ.

ಹುಡುಗಿ ನನ್ನ ಸೊಂಟದ ಬೀಗದ ಕೈಯನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ ಅನ್ನಿಸುತ್ತದೆ.

ಬೀರು ತೆರೆದು ಒಂದು ಕುಡಿಕೆ ಮುರಿದೆ. ಒದ್ದೆ ಮಾಡಿದಾಗ ಮೊದಲ ಮಳೆ ಬಿದ್ದ ನೆಲದ ವಾಸನೆ. ಉಗುರಿನಷ್ಟು ಕೊಟ್ಟೆ. ಹಲ್ವ ಸವರಲು ಹೋದರೆ, "ಅದೆಲ್ಲ ಚಿಕ್ಕವಳಿದ್ದಾಗ" ಎಂದಳು.

ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಜಮಖಾನೆಗೆ ಒರೆಸಿದರೆ ಕಲೆಯಾಗುತ್ತಿತ್ತು.

ಜನವರಿ 20

ಸೂಲಗಿತ್ತಿಗೆ ಏನೂ ಸಿಕ್ಕಿಲ್ಲ. ದಿನಕ್ಕೆ ಮೂರು ಚೂರು.

ಜನವರಿ 24

ಹುಡುಗಿ ಇಂದು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ರಾಜಕುಮಾರಿಯನ್ನು ಮುಟ್ಟುವ ಹಕ್ಕು ಬಟ್ಟೆ ತೊಡಿಸುವಾಗ ಮಾತ್ರ. ಅವಳು ಆಗಲೇ ಬಟ್ಟೆ ತೊಟ್ಟಾಗಿತ್ತು. ಆದರೂ ಏಳಿಸಲಿಲ್ಲ. ನೆತ್ತಿಯ ಹತ್ತಿರ ಕೂದಲು ಸುರುಳಿ ಸುತ್ತುತ್ತದೆ, ಇಷ್ಟು ವರ್ಷ ಬಾಚಿದ್ದೇನೆ, ನೋಡಿರಲಿಲ್ಲ.

ಮಕ್ಕಳಿಲ್ಲ ಎಂದು ಮೊದಲ ಹಾಳೆಯಲ್ಲಿ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಒಂಬತ್ತು ದಿನ ಇತ್ತು.

ಫೆಬ್ರವರಿ 2, ಮೇಣದಬತ್ತಿಯ ಹಬ್ಬ

ಹಬ್ಬದ ಮೆರವಣಿಗೆಗೆ ಇಳಿಯುವಾಗ ಮಗು ಏಳನೆಯ ಮೆಟ್ಟಿಲಿನಲ್ಲಿ ಕುಸಿಯಿತು. ಕೈಯ ಬತ್ತಿ ಉರುಳಿ ನಂದಿತು. ತುಟಿ ಬೂದಿಯ ಬಣ್ಣ. ಹೊಟ್ಟೆ ಗಟ್ಟಿ, ಕಾಲಿನಲ್ಲಿ ಬಾವು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ.

ವೈದ್ಯರಾದ ಮೆಸ್ತ್ರೆ ಜಿಲ್ ನಾಡಿ ಹಿಡಿದರು. ರೆಪ್ಪೆ ಬಿಡಿಸಿ ನೋಡಿದರು. ನನ್ನನ್ನು ಮಂಚದ ಪರದೆಯ ಆಚೆಗೆ ಕರೆದು ಹೇಳಿದರು:

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರಾನೇ ಇದೆ ಸ್ವಾಮಿ."

"ಹಾಗಾದ್ರೆ ಕೇಳು ತಾಯಿ. ಯಾರೋ ಕೊಡ್ತಿದ್ದಾರೆ. ಯಾರು ಅಂತ ನಾನು ಕೇಳಲ್ಲ, ಕೇಳಿದ್ರೆ ನಾನು ಹೇಳ್ಬೇಕಾಗುತ್ತೆ. ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಹೋದ್ರೆ ಜೂನ್‌ನಲ್ಲಿ ಸಂತ ಯೊವಾನ್ನರ ಹಬ್ಬದ ಹೊತ್ತಿಗೆ ಈ ಕೂಸು ಇರಲ್ಲ."

"ನಿಲ್ಲಿಸಿದ್ರೆ?"

"ನಿಲ್ಲಿಸಿ, ಕಾದ ಕಬ್ಬಿಣ ಅದ್ದಿದ ನೀರು ಕುಡಿಸು. ದಿನಾ ನಡೆಸು. ಬದುಕ್ತಾಳೆ." ಅವರು ಟೋಪಿ ಹಾಕಿಕೊಂಡರು. "ಬದುಕಿದ್ರೆ ಮದುವೆ ಆಗ್ತಾಳೆ. ಅದಕ್ಕೆ ನನ್ನ ಹತ್ರ ಮದ್ದಿಲ್ಲ."

ಅವರ ಮೂಗು ಅಷ್ಟೇನೂ ಕೆಂಪಾಗಿಲ್ಲ.

ಫೆಬ್ರವರಿ 3

ಕೊಡಲಿಲ್ಲ.

ಫೆಬ್ರವರಿ 6

"ಒಂದೇ ಚೂರು. ಉಗುರಿನಷ್ಟು. ಉಗುರಿನ ಅರ್ಧ."

"ಬೇಡ ಕಂದ."

"ಸೂಲಗಿತ್ತಿಗೆ ಹೇಳ್ತೀನಿ, ನೀನೇ ಕೊಡ್ತಿದ್ದೆ ಅಂತ. ನಿನ್ನನ್ನೂ ಮಠದೊಳಗೆ ಹಾಕ್ತಾರೆ."

"ಹೇಳಿ. ಮೊದಲು ಇದನ್ನ ಕುಡೀರಿ."

ಕಬ್ಬಿಣದ ನೀರನ್ನು ಬಾಯಿತುಂಬ ತೆಗೆದುಕೊಂಡು ನನ್ನ ಎದೆಯ ಮೇಲೆ ಉಗುಳಿದಳು. ಮತ್ತೆ ಬಗ್ಗಿಸಿ ಕೊಟ್ಟೆ. ಮತ್ತೆ ಉಗುಳಿದಳು. ಮೂರನೆಯದನ್ನು ನುಂಗಿದಳು, ನುಂಗುತ್ತ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಶಾಂತವಾಗಿ ಯಾರೂ ನನ್ನನ್ನು ದ್ವೇಷಿಸಿದ್ದಿಲ್ಲ.

ಸೂಲಗಿತ್ತಿಗೆ ಅವಳು ಹೇಳಲಿಲ್ಲ.

ಫೆಬ್ರವರಿ 27

ದೊಡ್ಡ ಪಡಸಾಲೆಯಲ್ಲಿ ಆಚೆಯಿಂದ ಈಚೆಗೆ ಇಪ್ಪತ್ತು ಸಲ ನಡೆಸಿದೆ. ನನ್ನ ತೋಳು ಹಿಡಿಯುವುದಿಲ್ಲ, ಗೋಡೆ ಹಿಡಿಯುತ್ತಾಳೆ.

ಉಳಿದ ಕುಡಿಕೆಗಳನ್ನು ಒಡೆದು ಬಾವಿಗೆ ಹಾಕಿದೆ. ಬೀರುವಿನಲ್ಲಿ ಏನಿದೆಯೆಂದು ಯಾರೂ ನೋಡುವುದಿಲ್ಲ, ಬೀಗವನ್ನಷ್ಟೇ ನೋಡುತ್ತಾರೆ. ಒಂದೆರಡು ಚೂರು ಜೇಬಿನಲ್ಲಿ ಉಳಿದಿದ್ದವು. ಸಂಜೆ ಬಾವಿಗೆ ಹೋಗುವಷ್ಟು ಕಾಲಿನಲ್ಲಿ ಶಕ್ತಿ ಇರಲಿಲ್ಲ.

ಮಾರ್ಚ್ 19

ಮಗುವಿನ ಕೆನ್ನೆಗೆ ಬಣ್ಣ ಬಂದಿದೆ. ಕಾಲಿನ ಬಾವು ಇಳಿದಿದೆ. ದೋನಾ ಮೆನ್ಸಿಯಾ ಕೆನ್ನೆ ಮುಟ್ಟಿ ನೋಡಿ, "ನಿನ್ನ ಆರೈಕೆ ಗಿಯೋಮಾರ್," ಎಂದರು. ಎಲ್ಲರೂ ನನ್ನನ್ನು ಅಭಿನಂದಿಸಿದರು. ಮಗುವೂ ತಲೆಬಾಗಿಸಿತು, ಆಸ್ಥಾನದಲ್ಲಿ ರಾಯಭಾರಿಗಳಿಗೆ ಬಾಗಿಸುವಂತೆ. ಅದನ್ನು ಕಲಿಸಿದವಳು ನಾನೇ.

ಏಪ್ರಿಲ್ 14

ಸೂಲಗಿತ್ತಿ ಚಾದರವನ್ನು ಬಾವುಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ಪಡಸಾಲೆಗೆ ಓಡಿದಳು. ಗಂಟೆ ಬಾರಿಸಿದರು. ಮಧ್ಯಾಹ್ನದೊಳಗೆ ಕುದುರೆ ಹೊರಟಿತು.

ಪುಸ್ತಕದ ಮುಂಭಾಗದಲ್ಲಿ ಬರೆದೆ: ಇಂದು ಕಾಣಿಸಿತು. ದೋನಾ ಮೆನ್ಸಿಯಾಗೆ ಓದಿ ಹೇಳುವಾಗ ದನಿ ನಡುಗಿತು. ಸಂತೋಷಕ್ಕೆ ಎಂದುಕೊಂಡು ಅವರು ನನ್ನ ಕೈ ಒತ್ತಿದರು.

ಏಪ್ರಿಲ್ 30

ಬಟ್ಟೆ ಹೊಲಿಯುವವರು, ಪಾದ್ರಿಗಳು, ಪೆಟ್ಟಿಗೆ ಮಾಡುವವರು. ಅಕ್ಕನ ಪೆಟ್ಟಿಗೆಗಳಿಗೇ ಹೊಸ ತೊಗಲು ಹೊದಿಸುತ್ತಿದ್ದಾರೆ, ಗಟ್ಟಿ ಇವೆಯಂತೆ.

ಮೇ 6

ಕಾಸ್ತೀಲಿಗೆ ಜೊತೆಯಲ್ಲಿ ಇಬ್ಬರೇ ಹೆಂಗಸರು ಹೋಗಬಹುದು. ಯಾರು ಎಂದು ರಾಜಕುಮಾರಿಯೇ ಹೇಳಬೇಕು, ಅದು ಪದ್ಧತಿ. ನನ್ನ ಬಟ್ಟೆಗಳನ್ನು ಒಗೆಸಿ ಮಡಿಸಿಟ್ಟಿದ್ದೆ. ಎರಡು ಲಂಗ, ಚಳಿಯ ಶಾಲು, ಗಂಡನ ಜಪಮಾಲೆ.

ಎಲ್ಲರೂ ಸಾಲಾಗಿ ನಿಂತಿದ್ದೆವು. ದೋನಾ ಮೆನ್ಸಿಯಾ, "ಹೇಳಿ ಅಮ್ಮಣ್ಣಿ," ಎಂದರು.

"ಆಲ್ದೊನ್ಸಾ. ತೆರೇಜಾ."

"ಗಿಯೋಮಾರ್ ಬೇಡ್ವಾ? ಇಷ್ಟು ವರ್ಷ ನಿಮ್ಮನ್ನ..."

"ಗಿಯೋಮಾರ್ ಬೇಡ."

ಸರಿಯಾಗಿಯೇ ಇದೆ. ಅವರಿಬ್ಬರೂ ಎಳೆಯರು, ಪ್ರಯಾಣಕ್ಕೆ ಗಟ್ಟಿ. ನನಗೆ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಈಚೆಗೆ. ಶಾಲನ್ನು ಮತ್ತೆ ಗೂಟಕ್ಕೆ ಹಾಕಿದೆ.

ಮೇ 25, ಎಲ್ವಾಸ್ ಹತ್ತಿರ

ನಲವತ್ತೊಂದನೆಯ ದಿನ.

ಕಾಯಾ ನದಿ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಬೇಸಿಗೆಯ ಮೊದಲೇ ಮೊಣಕಾಲಿನಷ್ಟು ನೀರು. ಆಚೆ ದಡದಲ್ಲಿ ಅವರು ಕಪ್ಪು ಬಟ್ಟೆಯಲ್ಲಿ, ಈಚೆ ನಾವು ಬಣ್ಣದಲ್ಲಿ. ನಡುವೆ ಹಲಗೆ ಹಾಸಿ ಡೇರೆ ಹಾಕಿದ್ದರು. ಬಿಷಪ್ಪರು ಪತ್ರ ಓದಿದರು. ಆಮೇಲೆ ನಾವು ಒಬ್ಬೊಬ್ಬರಾಗಿ ಮಂಡಿಯೂರಿ ರಾಜಕುಮಾರಿಯ ಕೈಗೆ ಮುತ್ತಿಡಬೇಕು. ಮಾತಾಡುವ ಪದ್ಧತಿ ಇಲ್ಲ.

ನನ್ನ ಸರದಿ ಬಂತು. ಕೈ ಬೆಚ್ಚಗಿತ್ತು. ಚಳಿಗಾಲವೆಲ್ಲ ಆ ಕೈ ತಣ್ಣಗಿತ್ತು. ಮೊದಲು ಗಮನಕ್ಕೆ ಬಂದದ್ದು ಅದೇ. ಏಳಲು ಹೋದಾಗ ಮಗು ನನ್ನ ಬೆರಳು ಬಿಡಲಿಲ್ಲ. ಬಗ್ಗಿ, ತುಟಿ ಅಲ್ಲಾಡಿಸದೆ, ನಾನು ಕಲಿಸಿದ ಹಾಗೆಯೇ ಮಾತಾಡಿತು.

"ಅಕ್ಕನ ಜೊತೆ ಹೋದೋರು ಇಬ್ರೂ ವಾಪಸ್ ಬರ್ಲಿಲ್ಲ, ಗಿಯೋಮಾರ್."

ಆಮೇಲೆ ತೋಳಿನೊಳಗಿಂದ ಏನನ್ನೋ ತೆಗೆದು ನನ್ನ ಅಂಗೈಗೆ ಸೇರಿಸಿತು. "ಇದನ್ನ ನೀನಿಟ್ಕೋ. ನಾನು ತಿನ್ನಲ್ಲ. ಸಂತ ಯೊವಾನ್ನರ ಹಬ್ಬಕ್ಕೆ ನಾನಿರ್ತೀನಿ, ನೋಡ್ತಿರು."

ಪರದೆಯ ಆಚೆ ವೈದ್ಯರು ಹೇಳಿದ್ದು ಕೇಳಿಸಿತ್ತು ಅದಕ್ಕೆ. ಫೆಬ್ರವರಿಯಿಂದಲೂ ಗೊತ್ತಿತ್ತು.

ದೋನಾ ಮೆನ್ಸಿಯಾ ಕೆಮ್ಮಿದರು. ನಾನು ಎದ್ದೆ. ಮಗು ಹಲಗೆಯ ಮೇಲೆ ಹೆಜ್ಜೆ ಹಾಕಿತು. ಬೆನ್ನು ನೆಟ್ಟಗೆ, ಗದ್ದ ಮೇಲೆ, ಕೈ ಎರಡೂ ಲಂಗದ ಮೇಲೆ. ಒಂದು ತಪ್ಪೂ ಇರಲಿಲ್ಲ. ಒಂದು ತಪ್ಪಾದರೂ ಇರಬೇಕಿತ್ತು.

ಆಚೆ ದಡದಲ್ಲಿ ಗಡ್ಡದ ಮುದುಕರ ನಡುವೆ ಅದರ ತಲೆ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆಮೇಲೆ ಕಾಣಲಿಲ್ಲ.

ಕೈ ಬಿಡಿಸಿ ನೋಡಿದೆ. ಅಕ್ಕನ ಕುಡಿಕೆ. ಅಂಚು ಅಕ್ಟೋಬರಿನಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಇಷ್ಟು ತಿಂಗಳು ದಿಂಬಿನ ಕೆಳಗೇ ಇತ್ತು. ನನ್ನನ್ನು ಬೇಡಿಕೊಂಡ ದಿನಗಳಲ್ಲೂ ಅದನ್ನು ಕಚ್ಚಿರಲಿಲ್ಲ.

ಜೂನ್ 24, ಸಂತ ಯೊವಾನ್ನರ ಹಬ್ಬ. ಎವೊರ

ಬೆಳಗಿನಿಂದ ಬೀದಿಯಲ್ಲಿ ತುಳಸಿಯಂಥ ಆ ಪುಟ್ಟ ಗಿಡಗಳ ಕುಂಡ ಮಾರುತ್ತಿದ್ದಾರೆ. ಹುಡುಗಿಯರು ಒಬ್ಬರ ಮೇಲೊಬ್ಬರು ನೀರೆರಚಿ ಕಿರುಚುತ್ತಿದ್ದಾರೆ.

ನದಿಯಾಚೆಯಿಂದ ಕೆಟ್ಟ ಸುದ್ದಿ ಏನೂ ಬಂದಿಲ್ಲ. ಹಾಗಾದರೆ ಇದ್ದಾಳೆ. ಇವತ್ತು ಇದ್ದಾಳೆ.

ಮುಂದಿನಿಂದ ಬರೆದದ್ದು, ಹಿಂದಿನಿಂದ ಬರೆದದ್ದು ಎರಡೂ ಪುಸ್ತಕದ ನಡುವಿಗೆ ಬಂದಿವೆ. ಎದುರು ಹಾಳೆಯಲ್ಲಿ, ತಲೆಕೆಳಗಾಗಿ, ನನ್ನದೇ ಅಕ್ಷರ ಕಾಣುತ್ತದೆ: ಇಂದು ಕಾಣಿಸಿತು. ಇನ್ನು ಇದರಲ್ಲಿ ಜಾಗ ಹೆಚ್ಚಿಲ್ಲ.

ಗ್ರಾಸಿಯಾ ಚಾದರದ ಗಂಟು ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ ಗಿಯೋಮಾರಮ್ಮ, ಒಳ್ಳೆ ದೊಡ್ಡಮನೆ ದೊರೆಸಾನಿ ಥರ ಬೆಳ್ಳಗಾಗಿಬಿಟ್ಟಿದ್ದೀರಿ! ಚಿತ್ರಗಾರನ್ನ ಕರೆಸ್ಲಾ?"

ಅವಳು ಗಂಟು ಇಳಿಸಿದಳು. ಹತ್ತಿರ ಬಂದು ತನ್ನ ತಲೆವಸ್ತ್ರದ ತುದಿಯಿಂದ ನನ್ನ ತುಟಿಯ ಅಂಚನ್ನು ಒರೆಸಿದಳು. ಬಟ್ಟೆಗೆ ಕೆಂಪು ಹತ್ತಿತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಈ ಸಲ ನಗಲಿಲ್ಲ.

"ನನಗೂ ಹಡಗಲ್ಲಿ ಅಮ್ಮ ಕಟ್ಕೊಟ್ಟಿದ್ದು ಒಂದು ಚೂರು ಬಟ್ಟೆ ಇತ್ತು," ಎಂದಳು. "ಅಗೀತಾ ಅಗೀತಾ ಮುಗೀತು. ಆಮೇಲೂ ಬದುಕ್ದೆ. ನೀವೂ ಬದುಕ್ತೀರಿ. ಅದನ್ನ ಇತ್ಲಾಗೆ ಕೊಡಿ."

ಏನನ್ನು ಕೇಳುತ್ತಿದ್ದಾಳೋ ತಿಳಿಯಲಿಲ್ಲ. ಊರಲ್ಲೆಲ್ಲ ಬೇಸಿಗೆಯ ಕೆಂಧೂಳು, ಕಿಟಕಿ ತೆರೆದಿತ್ತು.

ಕುಡಿಕೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ವಾಸನೆಗೆ ಮಾತ್ರ. ನೀರು ತುಂಬಿದರೆ ಇಡೀ ಕೋಣೆಗೆ ಮೊದಲ ಮಳೆಯ ವಾಸನೆ ಬರುತ್ತದೆ. ತಿಂಗಳ ಹಿಂದೆ ಅದರಲ್ಲಿ ನಾಲ್ಕು ಗುಟುಕು ನೀರು ಹಿಡಿಯುತ್ತಿತ್ತು. ಈಗ ಎರಡು ಹಿಡಿಯುತ್ತದೆ.